ಅರ್ಥವಾಗುತ್ತದೆ, ಆಡುವುದಿಲ್ಲ

‘ನಾವು ಹೊರದೇಶಕ್ಕೆ ಬಂದು ಆರು ವರ್ಷ. ಎಂಟು ವರ್ಷದ ಮಗಳಿಗೆ ಮನೆಮಾತು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಶಾಲೆಯ ಭಾಷೆಯಲ್ಲೇ. ಅಜ್ಜಿಯ ಜೊತೆ ಫೋನಿನಲ್ಲಿ ಎರಡು ನಿಮಿಷ ಕೂರುವುದಿಲ್ಲ. ಬೈದರೆ ಬಾಯಿ ಮುಚ್ಚುತ್ತಾಳೆ. ಭಾನುವಾರದ ಭಾಷಾ ತರಗತಿಗೆ ಸೇರಿಸಿದರೆ ಸರಿಹೋದೀತೇ?’ ಎಂದು ಕೇಳಿದ್ದೀರಿ.

ಸೇರಿಸಿ. ಆದರೆ ಎಲ್ಲವನ್ನೂ ತರಗತಿಯ ಹೆಗಲಿಗೇ ಹೊರಿಸಬೇಡಿ. ವಾರಕ್ಕೊಂದು ಗಂಟೆಯಂತೆ 40 ವಾರ ನಡೆದರೆ ವರ್ಷಕ್ಕೆ 40 ಗಂಟೆ. ಮನೆಯಲ್ಲಿ ದಿನಕ್ಕೆ 20 ನಿಮಿಷ ಮಾತಾಡಿದರೆ 120 ಗಂಟೆ ದಾಟುತ್ತದೆ. ತರಗತಿಯ ನಿಜವಾದ ಲಾಭ ಬೇರೆಯೇ: ತನ್ನ ವಯಸ್ಸಿನ ಇತರ ಮಕ್ಕಳಿಗೂ ಇದೇ ಮನೆಮಾತು ಎಂಬುದು ಅಲ್ಲಿ ಅವಳ ಕಣ್ಣಿಗೆ ಬೀಳುತ್ತದೆ.

ಅವಳ ಸ್ಥಿತಿ ಅಪರೂಪದ್ದಲ್ಲ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಎರಡು ಭಾಷೆ ಕೇಳಿಸಿಕೊಳ್ಳುವ ಮಕ್ಕಳಿರುವ ಸುಮಾರು 1,900 ಮನೆಗಳ ಸಮೀಕ್ಷೆಯನ್ನು ಭಾಷಾ ಸಂಶೋಧಕಿ ಆನಿಕ್ ಡಿ ಹೌವರ್ 2007ರಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಕಾಲುಭಾಗದಷ್ಟು ಮನೆಗಳ ಮಕ್ಕಳು ಮನೆಮಾತು ಆಡುತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಅದನ್ನೇ ಆಡುವ ಮನೆಗಳಲ್ಲಿ ಅದು ಚೆನ್ನಾಗಿ ಉಳಿದಿತ್ತು. ಹಾಗಾಗಿ ಬಾಡಿಗೆ, ಬಿಲ್ಲು, ಕಚೇರಿಯ ವಿಷಯ ಬಂದಾಗ ನೀವಿಬ್ಬರೂ ಯಾವ ಭಾಷೆಗೆ ಜಾರುತ್ತೀರಿ ಎಂದು ಮೊದಲು ಗಮನಿಸಿ.

ತಿದ್ದುವ ರೀತಿಯೂ ಬದಲಾಗಬೇಕು. ಅವಳು ‘ಟೀಚರ್ ಆಂಗ್ರಿ ಆದ್ರು’ ಅಂದರೆ, ‘ಸರಿಯಾಗಿ ಹೇಳು’ ಎನ್ನಬೇಡಿ. ‘ಹೌದಾ, ಟೀಚರ್‌ಗೆ ಕೋಪ ಬಂತಾ? ಯಾಕೆ?’ ಎಂದು ಕೇಳಿ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ಎರಡು ಭಾಷೆ ಬೆರೆಸುವುದು ಕಲಿಕೆಯ ಸಹಜ ಹಂತ, ಅದಕ್ಕೆ ಗಾಬರಿ ಬೇಡ.

ಅಜ್ಜಿಯ ಫೋನು ಯಾಕೆ ಬೇಗ ಮುಗಿಯುತ್ತದೆ? ‘ಊಟ ಆಯ್ತಾ, ಶಾಲೆ ಹೇಗಿದೆ’ ಎಂಬಲ್ಲಿಗೆ ಮಾತು ತೀರಿಹೋಗುತ್ತದೆ. ಅಲ್ಲೊಂದು ಕೆಲಸ ಬೇಕು. ವಾರಕ್ಕೆ ಮೂರು ದಿನ, ಒಂದೇ ಹೊತ್ತಿಗೆ, 15 ನಿಮಿಷ ಸಾಕು. ಹಳೆಯ ಫೋಟೊ ಒಂದನ್ನು ಮಗಳ ಕೈಗೆ ಕೊಡಿ. ಅದರಲ್ಲಿರುವವರ ಹೆಸರು, ಅವರು ತನಗೆ ಏನಾಗಬೇಕು ಎಂಬುದನ್ನು ಅಜ್ಜಿಯಿಂದಲೇ ಕೇಳಿ ಬರೆದುಕೊಳ್ಳಲಿ. ವಂಶವೃಕ್ಷ ಹಾಗೇ ಬೆಳೆಯುತ್ತದೆ. ಇನ್ನೊಂದು ದಿನ ಅಜ್ಜಿ ಕಥೆ ಶುರುಮಾಡಿ, ಮುಖ್ಯ ಘಟ್ಟದಲ್ಲಿ ನಿಲ್ಲಿಸಲಿ. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿರಬೇಡಿ. ಇದ್ದರೆ ಅನುವಾದಕ್ಕೆ ನಿಮ್ಮ ಮುಖ ನೋಡುತ್ತಾಳೆ. ಅಜ್ಜಿಗೂ ಮೊದಲೇ ಒಂದು ಮಾತು ಹೇಳಿಡಿ: ಉಚ್ಚಾರಣೆಗೆ ನಗಬಾರದು, ‘ನಿನಗೆ ನಮ್ಮ ಮಾತೇ ಬರಲ್ಲ’ ಎನ್ನಬಾರದು. ಎಷ್ಟೋ ಮಕ್ಕಳು ಮೌನಕ್ಕೆ ಇಳಿಯುವುದು ಆ ನಗುವಿನಿಂದಲೇ. ನೆಂಟರ ಮುಂದೆ ‘ಏನಾದರೂ ಹೇಳು ನೋಡೋಣ’ ಎಂದು ನಿಲ್ಲಿಸುವುದೂ ಅಷ್ಟೇ ಕೆಟ್ಟದ್ದು.

ಅಕ್ಷರಕ್ಕೆ ಅವಸರವಿಲ್ಲ. ಅವಳ ಹೆಸರು, ಆಮೇಲೆ ಮನೆಯವರ ಹೆಸರು, ವಾರಕ್ಕೆ ಐದು ಅಕ್ಷರದಂತೆ. ರಾತ್ರಿ ನೀವು ಓದಿ, ಅವಳು ಬೆರಳಿಟ್ಟು ಹಿಂಬಾಲಿಸಲಿ. ಹಬ್ಬದಲ್ಲಿ ಹೊಸ ಬಟ್ಟೆ ಹಾಕಿಸಿ ಫೋಟೊ ತೆಗೆದರೆ ಸಾಲದು. ಅವಳೇ ಮಾಡಬೇಕಾದ ಕೆಲಸವೊಂದು ಇರಲಿ.

ಮನೆಮಾತು ಬಿಡಿಸಿ ಎಂದು ಶಾಲೆಯವರು ಸಲಹೆ ಕೊಟ್ಟರೆ ಒಪ್ಪಬೇಡಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿಯ ಪ್ರಕಾರ, ಮಗುವಿನ ಸ್ವಂತ ಭಾಷೆ, ಸಂಸ್ಕೃತಿಯ ಬಗ್ಗೆ ಗೌರವ ಬೆಳೆಸುವುದೂ ಶಿಕ್ಷಣದ ಗುರಿ. ಶಾಲೆಯ ಭಾಷೆಯನ್ನು ಅವಳು ಶಾಲೆಯಲ್ಲಿ ಹೇಗೂ ಕಲಿಯುತ್ತಾಳೆ. ಮನೆಮಾತು ಸಿಗುವುದು ನಿಮ್ಮಿಂದ ಮಾತ್ರ.