ಸರ್ಬರ ನದಿದಂಡೆಯ ಹಳ್ಳಿ ದಾಲ್ ಕ್ರೊಯೇಷಿಯಾದಲ್ಲಿ ಇರೋದು ಹೇಗೆ?

ದಾಲ್ ಸರ್ಬರ ಊರು ಅಂತ ಓದಿದೆ, ನಕಾಶೆಯಲ್ಲಿ ನೋಡಿದರೆ ಕ್ರೊಯೇಷಿಯಾದಲ್ಲಿದೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ. ನಾನು ಭೂಗೋಳದ ಮೇಷ್ಟ್ರು. ಹಿಮಯುಗದ ಪಾಠಕ್ಕೆ ತಯಾರಿ ಮಾಡುವಾಗ ಈ ಊರಿನ ಹೆಸರು ಸಿಕ್ಕಿತು. ಆಮೇಲೆ ಸುಮ್ನೆ ಬಿಡಲಾಗಲಿಲ್ಲ.

ಊರು ಓಸಿಯೆಕ್ ಮತ್ತು ವುಕೊವಾರ್ ಪಟ್ಟಣಗಳ ನಡುವೆ, ಡ್ಯಾನ್ಯೂಬ್ ನದಿಯ ಬಲದಂಡೆಯಲ್ಲಿದೆ. ಆಚೆ ದಂಡೆ ಸರ್ಬಿಯಾ. ಸ್ವಲ್ಪ ಮೇಲಕ್ಕೆ ದ್ರಾವಾ ನದಿ ಬಂದು ಡ್ಯಾನ್ಯೂಬ್ ಸೇರುತ್ತದೆ. ಪಕ್ಕದ ಗುಡ್ಡಗಳಲ್ಲಿ ದ್ರಾಕ್ಷಿ ತೋಟಗಳಿವೆ. ಇಲ್ಲಿನ ಮಣ್ಣಿನ ಹೆಸರು ಲೋಯೆಸ್. ಹಿಟ್ಟಿನಷ್ಟು ನುಣ್ಣಗಿನ ಹಳದಿ ಮಣ್ಣು, ಹಿಮಯುಗಗಳಲ್ಲಿ ಗಾಳಿ ಹೊತ್ತು ತಂದು ಸುರಿದ ದೂಳು. ಚಳಿ ಜಾಸ್ತಿಯಿದ್ದಾಗ ದೂಳಿನ ಪದರ ಕೂತಿತು. ಬೆಚ್ಚಗಾದಾಗ ಅದರ ಮೇಲೆ ಗಿಡ ಬೆಳೆದು ಕಪ್ಪು ಪಟ್ಟಿ ಮೂಡಿತು.

ಜನ ಇಲ್ಲಿ ಬಹಳ ಹಿಂದಿನಿಂದ ಇದ್ದಾರೆ. ಸತ್ತವರನ್ನು ಸುಟ್ಟು ಬೂದಿಯನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದ ಒಂದು ಪ್ರಾಚೀನ ಸಂಸ್ಕೃತಿಗೆ ಈ ಊರಿನ ಹೆಸರೇ ಇದೆ. ರೋಮನ್ನರು ನದಿಯೇ ಗಡಿಯೆಂದುಕೊಂಡು ಟ್ಯೂಟೊಬುರ್ಗಿಯಂ ಎಂಬ ಕೋಟೆ ಕಟ್ಟಿದ್ದರು. 1690ರಲ್ಲಿ ಸರ್ಬರು ತುರ್ಕರ ಆಳ್ವಿಕೆಯಿಂದ ಗುಳೆ ಎದ್ದು ಉತ್ತರಕ್ಕೆ ಬಂದರಲ್ಲ, ಅವರ ಧರ್ಮಗುರು ಆರ್ಸೆನಿಯೆ ಚಾರ್ನೊಯೆವಿಚ್ ಅವರಿಗೆ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ವಂಶದ ಚಕ್ರವರ್ತಿ ಕೊಟ್ಟ ಜಹಗೀರಿನಲ್ಲಿ ದಾಲ್ ಕೂಡ ಇತ್ತು. ಸರ್ಬ್ ಚರ್ಚಿನ ಆ ಭಾಗದ ಬಿಷಪ್ಪರ ಪೀಠ ಇವತ್ತಿಗೂ ಇಲ್ಲೇ ಇದೆ.

ಈಗ ನನ್ನನ್ನು ಹಿಡಿದಿಟ್ಟ ವಿಷಯ. 1879ರ ಮೇ 28ರಂದು ಸರ್ಬ್ ವಿಜ್ಞಾನಿ ಮಿಲುಟಿನ್ ಮಿಲಾಂಕೊವಿಚ್ ಹುಟ್ಟಿದ್ದು ಇದೇ ಊರಲ್ಲಿ. ಭೂಮಿಯ ಕಕ್ಷೆ, ಅಕ್ಷದ ಓರೆ, ಅಕ್ಷದ ತೂಗಾಟ ನಿಧಾನವಾಗಿ ಬದಲಾಗುತ್ತವೆ, ಆಗ ಉತ್ತರದ ಬೇಸಿಗೆ ಬಿಸಿಲು ಕಡಿಮೆಯಾಗಿ ಹಿಮ ಕರಗದೆ ಉಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು. ಓರೆ ಬದಲಾಗುವ ಸುತ್ತು ಸುಮಾರು 41,000 ವರ್ಷ. ತಮ್ಮ ಮನೆಯ ಹಿತ್ತಲ ಮಣ್ಣು ಬಂದದ್ದು ಯಾಕೆ ಅಂತಲೇ ಅವರು ಹೇಳಿದಂತಾಯಿತು, ಅಲ್ವಾ? 1914ರಲ್ಲಿ ಹೊಸದಾಗಿ ಮದುವೆಯಾಗಿ ದಾಲ್‌ಗೆ ಬಂದಿದ್ದರು. ಮೊದಲನೇ ಮಹಾಯುದ್ಧ ಶುರುವಾಯಿತು. ಆಗ ದಾಲ್ ಇದ್ದದ್ದು ಸರ್ಬಿಯಾದ ಶತ್ರು ಆಸ್ಟ್ರಿಯಾ-ಹಂಗೇರಿಯಲ್ಲಿ. ಸರ್ಬಿಯಾದ ಪ್ರಜೆ ಎಂಬ ಕಾರಣಕ್ಕೆ ಹುಟ್ಟೂರಲ್ಲೇ ಬಂಧಿಸಿದರು. ಯುದ್ಧ ಮುಗಿಯುವವರೆಗೆ ಬುಡಾಪೆಸ್ಟ್‌ನಲ್ಲಿ ನಿಗಾದಲ್ಲಿದ್ದುಕೊಂಡೇ ಲೆಕ್ಕ ಮುಂದುವರಿಸಿದರು.

ಜನಸಂಖ್ಯೆ ಕೇಳಿದ್ದೀರಿ. 1991ರಲ್ಲಿ 5,000ಕ್ಕೂ ಜಾಸ್ತಿ ಇತ್ತು, 2011ರಲ್ಲಿ 4,000ಕ್ಕಿಂತ ಕಡಿಮೆ. ಜಾಸ್ತಿ ಜನ ಸರ್ಬರು, ಜೊತೆಗೆ ಕ್ರೊವಾಟರು, ಹಂಗೇರಿಯನ್ನರು. ಹಿಂದೆ ಜರ್ಮನ್ನರೂ ಇದ್ದರು, ಎರಡನೇ ಮಹಾಯುದ್ಧದ ನಂತರ ಉಳಿಯಲಿಲ್ಲ. ಯುಗೊಸ್ಲಾವಿಯಾ ಒಡೆದು ಕ್ರೊಯೇಷಿಯಾ ಬೇರೆಯಾಗುವಾಗ, 1991ರ ಆಗಸ್ಟ್ 1ರಂದು ಸರ್ಬ್ ಪಡೆಗಳು ಊರನ್ನು ಹಿಡಿದು ಕ್ರೊವಾಟ್ ಪೊಲೀಸರನ್ನೂ ಸಾಮಾನ್ಯ ಜನರನ್ನೂ ಕೊಂದವು. ಸರ್ಬರಲ್ಲದವರನ್ನು ಓಡಿಸಿದರು. ಇದನ್ನು ಬಿಟ್ಟು ದಾಲ್ ಬಗ್ಗೆ ಹೇಳಬಾರದು. 1995ರ ಒಪ್ಪಂದದ ಮೇಲೆ ವಿಶ್ವಸಂಸ್ಥೆ ಆಡಳಿತ ವಹಿಸಿಕೊಂಡು, 1998ರ ಜನವರಿಯಲ್ಲಿ ಕ್ರೊಯೇಷಿಯಾಕ್ಕೆ ಒಪ್ಪಿಸಿತು.

ಮಿಲಾಂಕೊವಿಚ್ 1958ರಲ್ಲಿ ಬೆಲ್‌ಗ್ರೇಡ್‌ನಲ್ಲಿ ತೀರಿಕೊಂಡರು. ನಂತರ ಅವರ ಅಸ್ಥಿಯನ್ನು ದಾಲ್‌ಗೆ ತಂದು ಮನೆಯವರ ಪಕ್ಕದಲ್ಲೇ ಮಣ್ಣು ಮಾಡಿದರು. ನದಿ ಪಕ್ಕದ ಅವರ ಮನೆ ಈಗ ಸಂಸ್ಕೃತಿ ಮತ್ತು ವಿಜ್ಞಾನ ಕೇಂದ್ರ. ಓಸಿಯೆಕ್ ಕಡೆ ಹೋಗುವುದಿದ್ದರೆ ಅಲ್ಲಿಗೆ ಅರ್ಧ ದಿನ ಇಟ್ಟುಕೊಳ್ಳಿ.