ಹೆಣ್ಣು ಸಿಗುತ್ತಿಲ್ಲ ಎಂದು ಬರೆದ ತಾಯಿಗೆ

ಮದ್ದೂರು ತಾಲ್ಲೂಕಿನ ತಾಯಿಯೊಬ್ಬರು ಬರೆದಿದ್ದಾರೆ: "ಮಗನಿಗೆ 34 ವರ್ಷ. ಎರಡೂವರೆ ಎಕರೆ ನೀರಾವರಿ ಜಮೀನಿದೆ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಹದಿನೆಂಟು ಕಡೆ ಹೆಣ್ಣು ನೋಡಿದ್ದಾಯಿತು. ವ್ಯವಸಾಯ ಅಂದ ಕೂಡಲೇ ಬೇಡ ಅಂತಾರೆ. ಮಗಳನ್ನು ಬೆಂಗಳೂರಿಗೆ ಕೊಟ್ಟಿದ್ದೇವೆ, ಸುಖವಾಗಿದ್ದಾಳೆ. ಇವನದೇ ಚಿಂತೆ. ಈಗಿನ ಹೆಣ್ಣುಮಕ್ಕಳಿಗೆ ಆಸೆ ಜಾಸ್ತಿಯಾಗಿದೆ. ಅವರಿಗೆ ನಾಲ್ಕು ಬುದ್ಧಿಮಾತು ಬರೆಯಿರಿ."

ಅಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ. 2023ರ ಫೆಬ್ರವರಿಯಲ್ಲಿ ನಿಮ್ಮ ಕಡೆಯ ಹುಡುಗರೇ, ಮೂವತ್ತು ದಾಟಿದವರು, ಹೆಣ್ಣು ಸಿಗಲಪ್ಪಾ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಸುದ್ದಿ ನೋಡಿ ನಕ್ಕವರು ತುಂಬಾ ಜನ. ನನಗೆ ನಗು ಬರಲಿಲ್ಲ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟ ಇರುವ ಹುಡುಗರದ್ದೂ ಇದೇ ಪಾಡು.

ಆದರೆ ಬುದ್ಧಿಮಾತು ಬರೆಯಲಾರೆ. ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿದೆ: ಮಗಳನ್ನು ಬೆಂಗಳೂರಿಗೆ ಕೊಟ್ಟಿದ್ದೇವೆ. ಯಾಕೆ ಕೊಟ್ಟಿರಿ? ನಿಮ್ಮ ಹಾಗೆ ಅವಳು ಕಷ್ಟಪಡಬಾರದು ಅಂತ ಅಲ್ವಾ? ತಪ್ಪೇನಿಲ್ಲ. ಬೇಡ ಅಂದ ಆ ಹದಿನೆಂಟು ಮನೆಗಳಲ್ಲೂ ಒಬ್ಬೊಬ್ಬ ತಾಯಿ ಇದನ್ನೇ ಯೋಚಿಸಿರುತ್ತಾಳೆ.

ಆ ಕಷ್ಟ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇನ್ನೂ ಕತ್ತಲಿರುವಾಗಲೇ ಏಳಬೇಕು. ಕೊಟ್ಟಿಗೆ ಬಾಚಿ, ಸಗಣಿ ತಿಪ್ಪೆಗೆ ಹಾಕಿ, ಹಾಲು ಕರೆದು, ಕ್ಯಾನು ಹಿಡಿದು ಡೈರಿ ಮುಂದೆ ಸಾಲು ನಿಲ್ಲಬೇಕು. ಬಂದು ಮುದ್ದೆ ತಿರುವಬೇಕು. ಬಿಸಿಲೇರುವ ಮೊದಲು ಹುಲ್ಲು ಕುಯ್ದು ಹೊರೆ ತರಬೇಕು. ದನ ನೋಡುವವಳು ಅವಳು, ಎಷ್ಟೋ ಮನೆಗಳಲ್ಲಿ ಡೈರಿ ಪಾಸ್‌ಬುಕ್ ಮಾತ್ರ ಗಂಡನದೋ ಮಾವನದೋ. ಇದನ್ನೆಲ್ಲ ನೋಡುತ್ತಾ ಬೆಳೆದ ಹುಡುಗಿ ಡಿಗ್ರಿ ಮುಗಿಸಿ "ಬೇಡ" ಅಂದರೆ ಅದನ್ನು ಆಸೆ ಅನ್ನಲು ನನಗೆ ಮನಸ್ಸಾಗುವುದಿಲ್ಲ.

ದುಡ್ಡಿನ ಮಾತೂ ಇದೆ. ಕಬ್ಬು ವರ್ಷದ ಬೆಳೆ. ಕಾರ್ಖಾನೆಗೆ ಹಾಕಿದ 14 ದಿನದೊಳಗೆ ಹಣ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಬಾಕಿಗಾಗಿ ರೈತರು ಧರಣಿ ಕೂತಿದ್ದನ್ನು ಎಷ್ಟು ಸಲ ನೋಡಿಲ್ಲ! ಕಂಪನಿ ಹುಡುಗನ ಸಂಬಳ ಎಷ್ಟೇ ಕಡಿಮೆಯಿರಲಿ, ತಿಂಗಳು ತಿಂಗಳು ಖಾತೆಗೆ ಬೀಳುತ್ತದೆ. ಹೆಣ್ಣು ಹೆತ್ತವರು ನೋಡುವುದು ಅದನ್ನು.

ಇನ್ನೊಂದು ಲೆಕ್ಕ. ಹೆಣ್ಣು ಗಂಡಿಗಿಂತ ಐದಾರು ವರ್ಷ ಚಿಕ್ಕವಳಿರಬೇಕು ಅನ್ನುತ್ತೇವೆ. ಆದರೆ ನಿಮ್ಮ ಮಗ ಹುಟ್ಟಿದ ಕಾಲದಿಂದಲೂ ಮನೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಲೇ ಬಂದರು. ಅದರಲ್ಲೂ ಹೆಣ್ಣು ಇನ್ನೂ ಕಡಿಮೆ. 1991ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದವರೆಗಿನ 1,000 ಗಂಡುಮಕ್ಕಳಿಗೆ 960 ಹೆಣ್ಣುಮಕ್ಕಳಿದ್ದರು. 2001ಕ್ಕೆ 946. ಭ್ರೂಣದ ಲಿಂಗ ಪತ್ತೆ ಮಾಡಬಾರದು ಎಂದು 1994ರಲ್ಲೇ ಕಾನೂನು ಬಂತು. ಆದರೂ 2023ರ ಕೊನೆಗೆ ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಬೆಲ್ಲ ಕಾಯಿಸುವ ಜಾಗ ಅಮ್ಮಾ ಅದು. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ. ಹುಟ್ಟಲು ಬಿಡದೆ ಹೋದ ಮಗುವನ್ನು ಮದುವೆ ವಯಸ್ಸಿಗೆ ಎಲ್ಲಿಂದ ತರೋಣ?

ಮುಂದಿನ ಸಲ ಹೆಣ್ಣು ನೋಡಲು ಹೋದಾಗ "ಹಾಲು ಕರೆಯೋಕೆ ಬರುತ್ತಾ?" ಅಂತ ಕೇಳಬೇಡಿ. ಕೊಟ್ಟಿಗೆ ಕೆಲಸ ನನ್ನ ಮಗನೂ ಮಾಡುತ್ತಾನೆ, ಡೈರಿ ದುಡ್ಡು ನಿನ್ನ ಖಾತೆಗೇ ಬರಲಿ, ಕೆಲಸಕ್ಕೆ ಹೋಗಬೇಕು ಅಂದರೆ ಹೋಗು ಎಂದು ನೀವೇ ಮೊದಲು ಹೇಳಿ. ಒಳಪಂಗಡ, ಜಾತಕ ಅಂತ ನೀವಾಗಿಯೇ ಬಿಟ್ಟ ಮನೆಗಳೂ ಇರಬಹುದು. ಗಂಡನನ್ನು ಕಳೆದುಕೊಂಡ ಹುಡುಗಿಯರೂ ಇದ್ದಾರೆ. ಅವರನ್ನು ಕೇಳಿದಿರಾ?

ಇಷ್ಟು ಮಾಡಿದರೆ ಹೆಣ್ಣು ಸಿಕ್ಕೇ ಸಿಗುತ್ತದೆ ಅಂತ ಸುಮ್ನೆ ಭರವಸೆ ಕೊಡಲಾರೆ. ಮಗನ ಕೈಲೂ ಒಂದು ಪತ್ರ ಬರೆಸಿ. ಹದಿನೆಂಟು ಮನೆಯ ಕಾಫಿ ಕುಡಿದು ಎದ್ದು ಬಂದವನು ಅವನು. ಅವನ ಮನಸ್ಸಿನಲ್ಲಿ ಏನಿದೆ ಅನ್ನುವುದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.

ಸಂಪಾದಕ