ಸ್ಫೋಟದಲ್ಲಿ ಗಾಯವೇ ಆಗದ ಸೈನಿಕರಿಗೆ ಎಷ್ಟೋ ವರ್ಷದ ನಂತರ ತೊಂದರೆ ಕಾಣಿಸಬಹುದೇ?

ಹದಿನೈದು ವರ್ಷದ ಹಿಂದೆ ನಿಮ್ಮ ತಂದೆಯವರಿದ್ದ ವಾಹನದ ಪಕ್ಕದಲ್ಲೇ ಬಾಂಬ್ ಸಿಡಿದಿತ್ತು, ಮೈಮೇಲೆ ಗೀರು ಕೂಡ ಇರಲಿಲ್ಲ, ಸ್ಕ್ಯಾನ್ ನಾರ್ಮಲ್ ಬಂದಿತ್ತು ಅಂತ ಬರೆದಿದ್ದೀರಿ. ಈಗ ತಲೆನೋವು, ಮರೆವು, ಮಾತುಮಾತಿಗೆ ಸಿಟ್ಟು. ಮನೆಯವರು ವಯಸ್ಸಾಯ್ತು ಅನ್ನುತ್ತಾರೆ. ಆ ಸ್ಫೋಟಕ್ಕೂ ಇದಕ್ಕೂ ಸಂಬಂಧ ಇದೆಯೇ ಎಂಬುದು ನಿಮ್ಮ ಪ್ರಶ್ನೆ.

ಖಂಡಿತ ಇರಬಹುದು. ನಾನು ಮಿದುಳಿನ ಡಾಕ್ಟರ್ ಅಲ್ಲ, ಆಡಿಯಾಲಜಿಸ್ಟ್. ಮಾಜಿ ಸೈನಿಕರು ನನ್ನ ಹತ್ತಿರ ಬರುವುದು ಕಿವಿಗಾಗಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅವರಲ್ಲಿ ಎಷ್ಟೋ ಜನ ಹೇಳುವುದು ಒಂದೇ: "ಶಬ್ದ ಕೇಳಿಸುತ್ತೆ, ಮಾತು ತಿಳಿಯಲ್ಲ." ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಬೀಪ್ ಕೇಳಿಸುವ ಪರೀಕ್ಷೆಯಲ್ಲಿ ಕೆಲವರು ಸಲೀಸಾಗಿ ಪಾಸಾಗುತ್ತಾರೆ. ಆದರೆ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ದಾರಿ ತಪ್ಪುತ್ತಾರೆ. ಬೇಕಾದ ಮಾತನ್ನು ಗದ್ದಲದಿಂದ ಬೇರ್ಪಡಿಸುವುದು ಕಿವಿಯೊಂದರ ಕೆಲಸವಲ್ಲ, ಮಿದುಳಿನದ್ದು. ಸ್ಫೋಟ ಆ ಕೆಲಸವನ್ನು ಕೆಡಿಸಬಹುದು. ಆಮೇಲೆ ಏನಾಗುತ್ತದೆ? ಕೇಳಿದ್ದಕ್ಕೆ ಏನೋ ಉತ್ತರ ಕೊಡುತ್ತಾರೆ, ಮನೆಯವರು ದನಿ ಏರಿಸುತ್ತಾರೆ, ಅವರಿಗೆ ರೇಗುತ್ತದೆ. ಕ್ರಮೇಣ ಜನ ಸೇರುವ ಕಡೆ ಹೋಗುವುದನ್ನೇ ಬಿಡುತ್ತಾರೆ. ಎಲ್ಲರೂ ಅದನ್ನು ಮರೆವು, ಸಿಡುಕು ಅಂತ ಲೆಕ್ಕ ಹಾಕಿಬಿಡುತ್ತಾರೆ. ಜೊತೆಗೆ ಕಿವಿಯೊಳಗೆ ಸದಾ ಗುಂಯ್ ಅನ್ನುವ ಸದ್ದು ಬೇರೆ. ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಪರಿಹಾರ ಸಿಗುವ ತೊಂದರೆಗಳಲ್ಲಿ ಮೊದಲ ಸ್ಥಾನ ಈ ಗುಂಯ್‌ಗಾಟಕ್ಕೇ.

ಗಾಯವಿಲ್ಲದೆ ಇಷ್ಟೆಲ್ಲ ಹೇಗೆ ಅಂತೀರಾ? ಸ್ಫೋಟದಿಂದ ಶಬ್ದಕ್ಕಿಂತ ವೇಗವಾಗಿ ಒತ್ತಡದ ಅಲೆ ಹೊರಡುತ್ತದೆ. ಗಾಳಿ ತುಂಬಿದ ಕಿವಿ, ಶ್ವಾಸಕೋಶ, ಕರುಳಿಗೆ ಅದರ ಪೆಟ್ಟು ಜಾಸ್ತಿ. ಮಿದುಳಿಗೂ ತಟ್ಟುತ್ತದೆ. ಕಿವಿ ತಮಟೆ ಹರಿದಿಲ್ಲ, ಹಾಗಾಗಿ ತಲೆಗೂ ಏನೂ ಆಗಿಲ್ಲ ಅಂದುಕೊಳ್ಳುವ ಹಾಗಿಲ್ಲ.

ನಾರ್ಮಲ್ ಸ್ಕ್ಯಾನ್ ನೋಡಿ ನಿರಾಳವಾಗಬೇಡಿ, ಹಾಗಂತ ಗಾಬರಿಯೂ ಬೇಡ. ಅಮೆರಿಕದ ಮಿದುಳು ರೋಗಶಾಸ್ತ್ರಜ್ಞ ಡೇನಿಯಲ್ ಪರ್ಲ್ ಅವರ ತಂಡ 2016ರಲ್ಲಿ, ಸ್ಫೋಟಕ್ಕೆ ಸಿಕ್ಕಿ ನಂತರ ತೀರಿಹೋದ ಕೆಲವು ಸೈನಿಕರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿತು. ಬೂದು ಭಾಗ ಮತ್ತು ಬಿಳಿ ಭಾಗ ಸೇರುವ ಗಡಿಯಲ್ಲಿ, ರಕ್ತನಾಳಗಳ ಸುತ್ತ, ಕಲೆಗಟ್ಟಿದ ಗುರುತುಗಳಿದ್ದವು. ಮಾಮೂಲಿ ಸ್ಕ್ಯಾನ್‌ನಲ್ಲಿ ಇವು ಕಾಣುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಸಿಡಿಗುಂಡುಗಳ ನಡುವೆ ಇದ್ದು ಬಂದ ಸೈನಿಕರ ಇಂಥದ್ದೇ ತೊಂದರೆಗೆ 'ಶೆಲ್ ಶಾಕ್' ಅನ್ನುತ್ತಿದ್ದರು. 1915ರಲ್ಲಿ ಬ್ರಿಟಿಷ್ ಸೇನೆಯ ವೈದ್ಯ ಚಾರ್ಲ್ಸ್ ಮೈಯರ್ಸ್ ಅದರ ಬಗ್ಗೆ ಬರೆದಾಗ ಎದ್ದ ಜಗಳ, ಅಂದರೆ ಇದು ಮಿದುಳಿನ ಪೆಟ್ಟೋ ಮನಸ್ಸಿನ ಪೆಟ್ಟೋ ಎಂಬುದು, ಇನ್ನೂ ಪೂರ್ತಿ ಮುಗಿದಿಲ್ಲ. ನನ್ನ ಪ್ರಕಾರ ಆ ಜಗಳವೇ ದಂಡ. ಎಷ್ಟೋ ಜನರಲ್ಲಿ ಎರಡೂ ಇರುತ್ತವೆ. ನಿದ್ದೆಗೇಡು, ತಲೆನೋವು, ಸಿಟ್ಟು, ಮರೆವು ಎರಡರಲ್ಲೂ ಬರುತ್ತವೆ.

"ಮುಂದೆ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ ಬರುತ್ತಾ?" ಅಂತಲೂ ಕೇಳಿದ್ದೀರಿ. ತಲೆಗೆ ಪೆಟ್ಟಾದವರಲ್ಲಿ ಅದರ ಅಪಾಯ ಸ್ವಲ್ಪ ಜಾಸ್ತಿ, ಇಲ್ಲ ಅನ್ನಲಾರೆ. ಆದರೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಬರುವ, ಬಾಕ್ಸರ್‌ಗಳ ಮಿದುಳಿನ ಕಾಯಿಲೆ ಅಂತ ಸುದ್ದಿಯಲ್ಲಿ ಕಾಣುವ ಸಿಟಿಇ ಬಗ್ಗೆ ಹೆದರಿದ್ದರೆ ಇದನ್ನು ನೋಡಿ: 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೇನೆಯಲ್ಲಿದ್ದ 225 ಜನರ ಮಿದುಳು ಪರೀಕ್ಷಿಸಿದಾಗ ಅದು ಸಿಕ್ಕಿದ್ದು 10 ಜನರಲ್ಲಿ. ಆ ಹತ್ತೂ ಜನ ಮೈಗೆ ಮೈ ತಾಗುವ ಆಟ ಆಡಿದವರು.

ಈಗ ಮಾಡಬೇಕಾದದ್ದು. ಎಲ್ಲವನ್ನೂ ಒಂದೇ ಗಂಟು ಕಟ್ಟಿ "ಟೆನ್ಶನ್" ಅಂತ ಹೆಸರಿಡಬೇಡಿ. ಗದ್ದಲದ ನಡುವೆ ಮಾತು ಎಷ್ಟು ತಿಳಿಯುತ್ತದೆ ಎಂಬ ಪರೀಕ್ಷೆಯನ್ನೇ ಕೇಳಿ ಮಾಡಿಸಿ, ಬೀಪ್ ಪರೀಕ್ಷೆ ಒಂದೇ ಸಾಲದು. ಓದುವಾಗ ತಲೆ ನೋಯುತ್ತದಾದರೆ, ಎರಡೂ ಕಣ್ಣು ಹೊಂದಿಕೊಂಡು ಕೆಲಸ ಮಾಡುತ್ತವೆಯೇ ಎಂದು ನೋಡಿಸಿ. ಗೊರಕೆ ಇದ್ದರೆ ನಿದ್ದೆಯ ಪರೀಕ್ಷೆ. ಸದಾ ಸುಸ್ತು ಅನ್ನುತ್ತಿದ್ದರೆ ಹಾರ್ಮೋನ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ, ಮಿದುಳಿನ ಬುಡದಲ್ಲಿದ್ದು ಹಾರ್ಮೋನ್‌ಗಳನ್ನು ಹತೋಟಿಯಲ್ಲಿಡುವ ಪಿಟ್ಯುಟರಿ ಗ್ರಂಥಿಗೂ ಪೆಟ್ಟಾಗಿರಬಹುದು. ಕೆಟ್ಟ ಕನಸು, ಬೆಚ್ಚಿಬೀಳುವುದು ಇದ್ದರೆ ಮನೋವೈದ್ಯರೂ ಬೇಕು. ಇವುಗಳಲ್ಲಿ ಬಹುಪಾಲು ತೊಂದರೆಗೆ ಚಿಕಿತ್ಸೆ ಇದೆ.

ಹೋಗುವ ಮೊದಲು ತಂದೆಯವರ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಯಾವಾಗ, ಎಷ್ಟು ದೂರದಲ್ಲಿ ಸಿಡಿಯಿತು, ಪ್ರಜ್ಞೆ ತಪ್ಪಿತ್ತಾ, ಕಿವಿ ಎಷ್ಟು ದಿನ ಗುಂಯ್ ಅಂದಿತು. ಆ ಒಂದು ಬಾಂಬ್ ಅಷ್ಟೇ ಅಲ್ಲ, ವರ್ಷಗಟ್ಟಲೆ ಫಿರಂಗಿ, ಮಾರ್ಟರ್ ಹಾರಿಸಿದ್ದರೆ ಅದನ್ನೂ ಸೇರಿಸಿ. ಡಾಕ್ಟರ್ ಕೇಳದಿದ್ದರೂ ಹಾಳೆ ಮುಂದಿಡಿ. ಮತ್ತೆ ಇವತ್ತಿಂದಲೇ, ಅವರನ್ನು ಮಾತಾಡಿಸುವಾಗ ಟಿವಿ ಆರಿಸಿ, ಎದುರಿಗೆ ಕೂತು ಮಾತಾಡಿ.